ಪತಂಗ ಯಾವಾಗ ಹೊರಬರುತ್ತದೆ? ಮನೆಯೊಳಗೆ ಸಾಕುವವರಿಗೆ ಒಂದು ಮಾರ್ಗದರ್ಶಿ

ಪತಂಗ ಸಾಕುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ಗೂಡು ಕಟ್ಟಿ ಎರಡು ತಿಂಗಳಾಯ್ತು, ಇನ್ನೂ ಏನೂ ಹೊರಗೆ ಬಂದಿಲ್ಲ. ಸತ್ತೇ ಹೋಯ್ತಾ?" ಬಹಳ ಸಲ ಸತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತದೆ. ಇನ್ನು ಕೆಲವರದು ಉಲ್ಟಾ ಸಮಸ್ಯೆ. ಇನ್ನೂ ಒಂದು ತಿಂಗಳಿದೆ ಅಂದುಕೊಂಡು ಡಬ್ಬಿ ಮುಚ್ಚಿಟ್ಟಿರುತ್ತಾರೆ. ಪತಂಗ ಅಷ್ಟರಲ್ಲಿ ಬಂದು, ಒದ್ದಾಡಿ, ಸುಸ್ತಾಗಿರುತ್ತದೆ.

ನನ್ನ ಮೊದಲ ಪತಂಗದ ಕಥೆ ಈ ಎರಡನೆಯದು. ಗೂಡನ್ನು ನುಣುಪಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲೆ ಇಟ್ಟಿದ್ದೆ. ರಾತ್ರಿ ಏನೋ ಪರಪರ ಸದ್ದು ಕೇಳಿತು. ಹಲ್ಲಿ ಇರಬೇಕು ಅಂತ ಮಗ್ಗುಲು ಬದಲಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪತಂಗ ಡಬ್ಬಿಯ ತಳದಲ್ಲಿತ್ತು. ರೆಕ್ಕೆ ಹಿಂಡಿ ಬಿಟ್ಟ ಬಟ್ಟೆಯ ಹಾಗೆ ಮುದುಡಿ ಒಣಗಿತ್ತು. ಹತ್ತಲು ಒರಟಾದ ಗೋಡೆ ಇರಲಿಲ್ಲ, ಅಷ್ಟೇ ಕಾರಣ. ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಮೊಟ್ಟೆ ಒಡೆದ ದಿನ, ಗೂಡು ಕಟ್ಟಿದ ದಿನ, ಕೋಣೆಯ ಬಿಸಿ, ರಾತ್ರಿ ಎಷ್ಟು ಹೊತ್ತು ದೀಪ ಉರಿಯುತ್ತಿತ್ತು, ಎಲ್ಲ ಅದರಲ್ಲಿದೆ.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಅರ್ಥವಾಯಿತು. ಪತಂಗ ಹೊರಬರುವ ದಿನ ಬಹುಮಟ್ಟಿಗೆ ಮೊದಲೇ ತೀರ್ಮಾನ ಆಗಿರುತ್ತದೆ. ಹುಳು ಇನ್ನೂ ಎಲೆ ತಿನ್ನುತ್ತಿದ್ದಾಗ ನೀವು ಅದನ್ನು ಎಲ್ಲಿ ಇಟ್ಟಿದ್ದಿರಿ ಅನ್ನುವುದೂ ಅದರಲ್ಲಿ ಸೇರಿದೆ. ಹಾಗಾಗಿ ಶುರುವಿನಿಂದಲೇ ಹೋಗೋಣ.

ಮಾತಿಗೆ ಮುಂಚೆ ಎರಡು ಪದ. ಹುಳು ಮತ್ತು ಪತಂಗದ ನಡುವಿನ ಗಟ್ಟಿ ಸಿಪ್ಪೆಯ ಹಂತಕ್ಕೆ ಕೋಶ ಅನ್ನುತ್ತೇನೆ. ಅದರ ಸುತ್ತ ಹುಳು ನೂಲಿನಿಂದ ನೇಯ್ದುಕೊಳ್ಳುವ ಹೊದಿಕೆಗೆ ಗೂಡು ಅನ್ನುತ್ತೇನೆ. ಎಲ್ಲ ಪತಂಗಗಳಿಗೂ ಗೂಡು ಇರುವುದಿಲ್ಲ. ಕೋಶ ಮಾತ್ರ ಎಲ್ಲಕ್ಕೂ ಇದೆ.

ಮೊದಲು ಎಲೆ, ಆಮೇಲೆ ಹುಳು

ಯಾವ ಪತಂಗ ಚೆಂದ ಅಂತ ನೋಡಿ ಆರಿಸಬೇಡಿ. ಯಾವ ಗಿಡದ ಎಲೆ ನಿಮಗೆ ದಿನಾ, ಒಂದೂವರೆ ತಿಂಗಳು, ತಪ್ಪದೆ ಸಿಗುತ್ತದೆ ಅಂತ ನೋಡಿ. ಹೆಚ್ಚಿನ ಹುಳುಗಳು ತಮ್ಮ ಗಿಡ ಬಿಟ್ಟು ಬೇರೆ ಎಲೆ ಮೂಸಿಯೂ ನೋಡುವುದಿಲ್ಲ. ಒಂದು ಗಿಡದಲ್ಲಿ ಬೆಳೆದ ಹುಳುವಿಗೆ ಮಧ್ಯದಲ್ಲಿ ಬೇರೆ ಗಿಡ ಕೊಟ್ಟರೆ, ಅದೂ ಅದರ ಆಹಾರವೇ ಆಗಿದ್ದರೂ, ಉಪವಾಸ ಬಿದ್ದು ಸಾಯುವುದುಂಟು.

ಹೊಸಬರಿಗೆ ರೇಷ್ಮೆ ಹುಳುವೇ ಒಳ್ಳೆಯದು. ಹಿಪ್ಪುನೇರಳೆ ಎಲೆ ಇದ್ದರೆ ಸಾಕು. ಓಡಿಹೋಗುವುದಿಲ್ಲ. ಪತಂಗ ಆದ ಮೇಲೂ ಹಾರುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಇದ್ದು ಹಾರುವುದನ್ನೇ ಮರೆತುಬಿಟ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಲೆಕ್ಕ ಸಲೀಸು. 25 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕೋಣೆಯಲ್ಲಿ ಹುಳುವಾಗಿ ಸುಮಾರು 25 ದಿನ, ಗೂಡು ಕಟ್ಟಲು ಎರಡು ಮೂರು ದಿನ, ಅಲ್ಲಿಂದ ಹೆಚ್ಚು ಕಡಿಮೆ ಎರಡು ವಾರಕ್ಕೆ ಪತಂಗ. ಹೊರಬರುವ ಹೊತ್ತೂ ಗೊತ್ತು: ಬೆಳಗಿನ ಜಾವ.

ಇದು ಕೈ ಹಿಡಿದ ಮೇಲೆ ದೊಡ್ಡ ಪತಂಗಗಳಿಗೆ ಹೋಗಬಹುದು. ಅಟ್ಲಾಸ್ ಪತಂಗ, ಲೂನಾ, ಸೆಕ್ರೋಪಿಯಾ ಇವೆಲ್ಲ ಕಾಡು ರೇಷ್ಮೆಯ ಬಳಗ, ಗೂಡು ಕಟ್ಟುತ್ತವೆ. ಇನ್ನೊಂದು ಬಳಗ ಹಾಕ್‌ಮಾತ್‌ಗಳದು. ಇವು ಗೂಡು ಕಟ್ಟುವುದಿಲ್ಲ. ಹೆಚ್ಚಿನವು ಮಣ್ಣಿನೊಳಗೆ ಅಥವಾ ಉದುರಿದ ಎಲೆಗಳ ಕೆಳಗೆ ಕೋಶವಾಗುತ್ತವೆ. ಕಣಗಿಲೆ, ನಂದಿಬಟ್ಟಲು ತಿನ್ನುವ ಹಸಿರು ಹಾಕ್‌ಮಾತ್ ಹುಳು ನೋಡಲು ಸೊಗಸು. ಆದರೆ ಕಣಗಿಲೆ ಎಲೆ ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಮೈತುಂಬ ಕೂದಲು ಅಥವಾ ಮುಳ್ಳಿರುವ, ಹೆಸರು ಗೊತ್ತಿಲ್ಲದ ಹುಳುವನ್ನು ಬರಿಗೈಯಲ್ಲಿ ಎತ್ತಬೇಡಿ. ಕೆಲವು ತುರಿಕೆ ಕೊಟ್ಟು ಸುಮ್ಮನಾಗುತ್ತವೆ. ದಕ್ಷಿಣ ಅಮೆರಿಕದ ಲೊನೋಮಿಯಾ ಹುಳುವಿನ ಮುಳ್ಳು ತಗುಲಿ ಜನ ಸತ್ತಿದ್ದೂ ಇದೆ.

ಮೊಟ್ಟೆ ಮತ್ತು ಮರಿಹುಳು

ಈ ಹಂತ ಕಷ್ಟದ್ದಲ್ಲ. ಮೊಟ್ಟೆಗಳನ್ನು ಅಂಗೈಯಗಲದ ಮುಚ್ಚಳದ ಡಬ್ಬಿಯಲ್ಲಿಡಿ. ಡಬ್ಬಿಗೆ ತೂತು ಬೇಡ, ಅದರಲ್ಲಿರುವ ಗಾಳಿ ಅಷ್ಟು ಸಣ್ಣ ಜೀವಕ್ಕೆ ಧಾರಾಳ. ತೂತು ಮಾಡಿದರೆ ಎಲೆ ಬೇಗ ಒಣಗುತ್ತದೆ, ಮರಿಗಳೂ ನುಸುಳಿ ಹೋಗುತ್ತವೆ. ಬಹುತೇಕ ಜಾತಿಗಳಲ್ಲಿ ಒಂದೆರಡು ವಾರಕ್ಕೆ ಮೊಟ್ಟೆ ಒಡೆಯುತ್ತದೆ. ಒಡೆಯುವ ಮುಂಚೆ ಬಣ್ಣ ಕಪ್ಪಾಗುತ್ತದೆ ಅಥವಾ ಮಂಕಾಗುತ್ತದೆ. ಆಗ ಡಬ್ಬಿಯ ತಳಕ್ಕೆ ಟಿಶ್ಯೂ ಪೇಪರ್ ಹಾಸಿ ಎಳೆಯ ಎಲೆ ಇಡಿ.

ಮರಿಗಳನ್ನು ಬೆರಳಿನಿಂದ ಎತ್ತಬೇಡಿ, ಚಿತ್ರ ಬಿಡಿಸುವ ಮೆತ್ತನೆಯ ಬ್ರಷ್ ಇರಲಿ. ದಿನಾ ಟಿಶ್ಯೂ ಬದಲಿಸಿ, ಹಿಕ್ಕೆ ತೆಗೆಯಿರಿ. ಡಬ್ಬಿಯ ಗೋಡೆಗೆ ನೀರ ಹನಿ ಕಟ್ಟಿದೆ ಅಂದರೆ ಎಲೆ ಜಾಸ್ತಿ ಆಯಿತು ಅಂತ ಅರ್ಥ. ಆ ಒಂದು ಹನಿಯಲ್ಲಿ ಮರಿ ಮುಳುಗಿ ಸಾಯಬಹುದು.

ಬೆಳೆಯುವ ಹುಳು: ಎಲೆ, ಗಾಳಿ, ಕೊಳೆ

ಹುಳು ಬೆರಳಿನ ಅರ್ಧದಷ್ಟಾದ ಮೇಲೆ ಡಬ್ಬಿ ಸಾಲದು, ಗಾಳಿ ಬೇಕು. ಸೊಳ್ಳೆ ಪರದೆಯ ಬಟ್ಟೆ ಹೊಲಿದು ಮಾಡಿದ ಪಂಜರ ಒಳ್ಳೆಯದು. ರೆಂಬೆಯನ್ನು ನೀರಿನ ಬಾಟಲಿಗೆ ಸಿಕ್ಕಿಸಿ ಒಳಗಿಡಿ. ಬಾಟಲಿಯ ಬಾಯಿಗೆ ಮಾತ್ರ ಹತ್ತಿ ತುರುಕಿ ಬಿಗಿ ಮಾಡಿ. ಯಾಕೆ ಅಂದರೆ ಹುಳು ರೆಂಬೆ ಹಿಡಿದು ಕೆಳಗಿಳಿಯುತ್ತಾ ನೇರ ನೀರಿಗೇ ಹೋಗುತ್ತದೆ. ತಿರುಗಿ ಬರಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ.

ನಾಲ್ಕೈದು ಸಲ ಹುಳು ಪೊರೆ ಕಳಚುತ್ತದೆ. ರೇಷ್ಮೆ ಸಾಕುವವರು ಇದಕ್ಕೆ ಜ್ವರ ಅನ್ನುತ್ತಾರೆ. ಒಂದೆರಡು ದಿನ ತಿನ್ನುವುದಿಲ್ಲ, ತಲೆ ಎತ್ತಿ ಅಲುಗಾಡದೆ ಕೂತಿರುತ್ತದೆ. ಕಾಯಿಲೆ ಅಂದುಕೊಂಡು ಎತ್ತಿ ಬೇರೆ ಕಡೆ ಇಡುವವರಿದ್ದಾರೆ. ದಯವಿಟ್ಟು ಬೇಡ. ಕೂತ ಜಾಗಕ್ಕೆ ನೂಲಿನಿಂದ ಕಾಲು ಕಟ್ಟಿಕೊಂಡಿರುತ್ತದೆ. ನೀವು ಕಿತ್ತರೆ ಪೊರೆಯಿಂದ ಹೊರಬರಲು ಹಿಡಿತ ಸಿಗುವುದಿಲ್ಲ.

ನಿಜವಾದ ಕಾಯಿಲೆ ಬೇರೆ ಥರ ಕಾಣುತ್ತದೆ. ಮೈ ಸಡಿಲವಾಗಿ ತಲೆಕೆಳಗಾಗಿ ಜೋತುಬೀಳುತ್ತದೆ, ನೀರಿನಂಥ ಹಿಕ್ಕೆ ಹಾಕುತ್ತದೆ, ವಾಸನೆ ಬರುತ್ತದೆ. ಅಂಥ ಹುಳುವನ್ನು ತಕ್ಷಣ ಬೇರೆ ಮಾಡಿ, ಪಂಜರ ಬ್ಲೀಚ್ ನೀರಿನಲ್ಲಿ ತೊಳೆದು ಒಣಗಿಸಿ. ಒಂದು ಪಂಜರದಲ್ಲಿ ಎಷ್ಟು ಹುಳು ಇಡಬಹುದು ಅನ್ನುವ ಪ್ರಶ್ನೆಗೆ ನನ್ನ ಉತ್ತರ: ನೀವು ಅಂದುಕೊಂಡಿದ್ದರ ಅರ್ಧ.

ಮನೆಯೊಳಗೆ ಸಾಕುವಾಗ ಕಾಯಿಲೆಗಿಂತ ಹೆಚ್ಚಾಗಿ ಕೊಲ್ಲುವುದು ಕೀಟನಾಶಕ. ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ನಾಯಿ ಬೆಕ್ಕಿಗೆ ಹಚ್ಚುವ ಚಿಗಟದ ಔಷಧಿ ಯಾವುದೂ ಆ ಕೋಣೆಯಲ್ಲಿ ಬೇಡ. ಔಷಧಿ ಹೊಡೆದಿರಬಹುದು ಅನ್ನುವ ಗಿಡದ ಎಲೆಯೂ ಬೇಡ. ತೊಳೆದರೆ ಹೋಗುತ್ತದೆ ಅಂತ ನಂಬಿ ನಾನೊಮ್ಮೆ ಒಂದೇ ಮಧ್ಯಾಹ್ನದಲ್ಲಿ ಇಡೀ ಪಂಜರ ಕಳೆದುಕೊಂಡಿದ್ದೇನೆ.

ಇನ್ನು ಈಗಲೇ ಗಮನಿಸಬೇಕಾದ ಒಂದು ಸಂಗತಿ: ಬೆಳಕು. ಪಂಜರ ಇರುವ ಕೋಣೆಯಲ್ಲಿ ರಾತ್ರಿ ಹನ್ನೊಂದರ ತನಕ ದೀಪ ಉರಿಯುತ್ತದೆಯಾ? ನೋಟ್‌ಬುಕ್‌ನಲ್ಲಿ ಬರೆದಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹುಳು ಹಣ್ಣಾಯಿತು

ತಿಂದು ತಿಂದು ಒಂದು ದಿನ ಹುಳು ಎಲೆ ಬಿಡುತ್ತದೆ. ರೇಷ್ಮೆಯವರ ಮಾತಿನಲ್ಲಿ ಹುಳು ಹಣ್ಣಾಯಿತು. ಮೈ ಸ್ವಲ್ಪ ಕುಗ್ಗಿ ಪಾರದರ್ಶಕ ಆಗುತ್ತದೆ ಅಥವಾ ಬಣ್ಣ ಬದಲಾಗುತ್ತದೆ. ಕೊನೆಯದಾಗಿ ಒಂದು ದೊಡ್ಡ ಒದ್ದೆ ಹಿಕ್ಕೆ ಹಾಕಿ ಗೊತ್ತುಗುರಿ ಇಲ್ಲದೆ ಓಡಾಡತೊಡಗುತ್ತದೆ. ಹಾಕ್‌ಮಾತ್ ಹುಳುಗಳಲ್ಲಿ ಹಸಿರು ಮೈ ಕಂದಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುವುದುಂಟು.

ಗೂಡು ಕಟ್ಟುವ ಜಾತಿಗೆ ಎಲೆ ತುಂಬಿದ ರೆಂಬೆ ಅಥವಾ ಮುದುಡಿದ ಕಾಗದ ಸಾಕು. ಮಣ್ಣಿಗೆ ಇಳಿಯುವ ಜಾತಿಗೆ ಒಂದು ಡಬ್ಬಿಯಲ್ಲಿ ಹತ್ತು ಸೆಂಟಿಮೀಟರ್ ಆಳದಷ್ಟು ಸಡಿಲ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹಾಕಿ. ಹಿಂಡಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಇದ್ದರೆ ಸರಿ. ಮಣ್ಣು ಇಲ್ಲದಿದ್ದರೆ ಕತ್ತಲ ಡಬ್ಬಿಯಲ್ಲಿ ಹಲವು ಪದರ ಟಿಶ್ಯೂ ಪೇಪರ್ ಹಾಕಿದರೂ ನಡೆಯುತ್ತದೆ.

ಇಲ್ಲಿ ತಾಳ್ಮೆ ಬೇಕು. ಗೂಡು ಮುಚ್ಚಿದ ತಕ್ಷಣ ಒಳಗೆ ಕೋಶ ತಯಾರಾಗಿರುವುದಿಲ್ಲ. ಹುಳು ಇನ್ನೂ ಹುಳುವಾಗೇ ಇರುತ್ತದೆ, ಕೆಲವು ದಿನ ಬಿಟ್ಟು ಕೊನೆಯ ಪೊರೆ ಕಳಚುತ್ತದೆ. ಹೊಸ ಕೋಶ ಬೆಣ್ಣೆಯಷ್ಟು ಮೆತ್ತಗೆ. ಹತ್ತು ದಿನ ಕೈ ಹಾಕಬೇಡಿ, ಮಣ್ಣು ಅಗೆಯಬೇಡಿ. ಗೂಡು ಕಟ್ಟಲು ಶುರು ಮಾಡಿದ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲೇ ಇಡಿ. ಮುಂದಿನ ಎಲ್ಲ ಲೆಕ್ಕ ಈ ತಾರೀಕಿನಿಂದಲೇ.

ಯಾವಾಗ ಬರುತ್ತದೆ: ಬಿಸಿ, ಬೆಳಕು, ಚಳಿ

ಈಗ ಅಸಲು ವಿಷಯ. ನಿಮ್ಮ ಕೋಶ ಎರಡರಲ್ಲಿ ಒಂದು ದಾರಿ ಹಿಡಿದಿರುತ್ತದೆ. ಒಂದು ನೇರ ದಾರಿ. ಕೋಶವಾದ ಕೂಡಲೇ ಒಳಗೆ ಪತಂಗ ರೂಪುಗೊಳ್ಳಲು ಶುರು, ಕೆಲವು ವಾರದಲ್ಲಿ ಹೊರಗೆ. ಇನ್ನೊಂದು ಸುಪ್ತ ದಾರಿ. ಕೋಶವಾದ ಮೇಲೆ ಎಲ್ಲ ಕೆಲಸ ನಿಲ್ಲಿಸಿ ತಿಂಗಳುಗಟ್ಟಲೆ ಮಲಗುತ್ತದೆ. ಇದು ಬರಿ ಚಳಿಗೆ ಮುದುಡಿ ಕೂತ ಹಾಗಲ್ಲ. ಸುಪ್ತವಾದ ಕೋಶವನ್ನು ಬೆಚ್ಚಗಿನ ಕೋಣೆಯಲ್ಲಿಟ್ಟರೂ ಏಳುವುದಿಲ್ಲ. ಎಷ್ಟೋ ಜನ ಇಲ್ಲೇ ಸೋಲುತ್ತಾರೆ.

ನೇರ ದಾರಿಯಲ್ಲಿ ಬಿಸಿಯೇ ಗಡಿಯಾರ. ಕೋಣೆ ಬೆಚ್ಚಗಿದ್ದಷ್ಟೂ ಬೇಗ, ತಂಪಾದಷ್ಟೂ ನಿಧಾನ. 25 ಡಿಗ್ರಿಯಲ್ಲಿ ಎರಡು ವಾರ ಹಿಡಿಯುವ ರೇಷ್ಮೆ ಕೋಶ 20 ಡಿಗ್ರಿಯಲ್ಲಿ ಇನ್ನೂ ಹಲವು ದಿನ ಜಾಸ್ತಿ ತೆಗೆದುಕೊಳ್ಳುತ್ತದೆ. ಆದರೆ ಬೇಗ ಆಗಲಿ ಅಂತ ಹೀಟರಿನ ಪಕ್ಕ ಇಡಬೇಡಿ. 30 ಡಿಗ್ರಿ ದಾಟಿದ ಒಣ ಗಾಳಿಯಲ್ಲಿ ಬಂದ ಪತಂಗಗಳ ರೆಕ್ಕೆ ಸರಿಯಾಗಿ ಬಿಚ್ಚದೇ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ.

ನೇರ ದಾರಿಯೋ ಸುಪ್ತ ದಾರಿಯೋ ಅಂತ ತೀರ್ಮಾನಿಸುವುದು ಯಾವುದು? ಕೆಲವು ಜಾತಿಗಳಿಗೆ ಆಯ್ಕೆಯೇ ಇಲ್ಲ. ಉತ್ತರ ಅಮೆರಿಕದ ಸೆಕ್ರೋಪಿಯಾ ವರ್ಷಕ್ಕೆ ಒಂದೇ ಪೀಳಿಗೆ, ಚಳಿಗಾಲದ ನಿದ್ದೆ ಖಾಯಂ. ಆದರೆ ಲೂನಾ, ಪಾಲಿಫೀಮಸ್, ಚೀನಾದ ಓಕ್ ರೇಷ್ಮೆ ಪತಂಗ ಇವೆಲ್ಲ ಹಗಲಿನ ಉದ್ದ ನೋಡಿ ನಿರ್ಧರಿಸುತ್ತವೆ. ಹುಳುವಾಗಿದ್ದಾಗ ಹಗಲು ಉದ್ದವಿದ್ದರೆ ಇನ್ನೂ ಬೇಸಿಗೆ ಇದೆ ಅಂತ ನೇರ ದಾರಿ. ಹಗಲು ಗಿಡ್ಡವಾಗಿದ್ದರೆ ಚಳಿಗಾಲ ಬರುತ್ತಿದೆ ಅಂತ ನಿದ್ದೆ. ದಿನಕ್ಕೆ 16 ಗಂಟೆ ಬೆಳಕು ಉದ್ದ ಹಗಲು, 12 ಗಂಟೆ ಗಿಡ್ಡ ಹಗಲು ಅಂತ ಸ್ಥೂಲವಾಗಿ ಇಟ್ಟುಕೊಳ್ಳಬಹುದು.

ಈಗ ದೀಪದ ಮಾತು ಅರ್ಥವಾಯಿತಲ್ವಾ? ಹುಳುವಿಗೆ ಸೂರ್ಯ ಬೇರೆ, ಬಲ್ಬ್ ಬೇರೆ ಅನ್ನುವ ಭೇದ ಇಲ್ಲ. ಹೊರಗೆ ಹಗಲು ಗಿಡ್ಡವಾಗುತ್ತಿರುತ್ತದೆ. ನಿಮ್ಮ ಕೋಣೆಯಲ್ಲಿ ಮಾತ್ರ ರಾತ್ರಿ ಹನ್ನೊಂದರವರೆಗೆ ಬೆಳಕು. ಹುಳು ಬೇಸಿಗೆ ಅಂತಲೇ ನಂಬುತ್ತದೆ. ಕೊನೆಗೆ ಪತಂಗ ನಡು ಚಳಿಗಾಲದಲ್ಲಿ ಬಂದು ಕೂರುತ್ತದೆ. ಹೊರಗೆ ಗಿಡದಲ್ಲಿ ಒಂದು ಎಲೆ ಇರುವುದಿಲ್ಲ, ಮರಿಗಳಿಗೆ ಏನು ಹಾಕುತ್ತೀರಿ? ಹಾಗಾಗಿ ಪಂಜರವನ್ನು ಕಿಟಕಿ ಬೆಳಕು ಬೀಳುವ, ರಾತ್ರಿ ದೀಪ ಹಾಕದ ಕೋಣೆಯಲ್ಲಿಡಿ. ಬೇಕೆಂದೇ ಇನ್ನೊಂದು ಪೀಳಿಗೆ ತೆಗೆಯುವವರು ಟೈಮರ್ ಇಟ್ಟು 16 ಗಂಟೆ ಬೆಳಕು ಕೊಡಬಹುದು, ಎಲೆ ಕೈಯಲ್ಲಿದ್ದರೆ ಮಾತ್ರ.

ಚೀನಾದ ಓಕ್ ರೇಷ್ಮೆ ಪತಂಗದ ಕೋಶ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮಿದುಳಿನ ಮೇಲೆ ಸಿಪ್ಪೆಯಲ್ಲಿ ಒಂದು ತಿಳಿ ಕಿಟಕಿ ಇದೆ. ಗೂಡಿನ ಮೂಲಕ ಬಂದ ಬೆಳಕು ಅದರಿಂದ ಒಳಗೆ ಹೋಗುತ್ತದೆ. ಉದ್ದ ಹಗಲು ಸಿಕ್ಕಿದರೆ ನಿದ್ದೆ ಮುರಿಯುತ್ತದೆ. ಈ ಜಾತಿಯ ಗೂಡನ್ನು ಡ್ರಾಯರ್‌ನಲ್ಲಿಟ್ಟು ಕಾಯುವುದು ವ್ಯರ್ಥ.

ಉಳಿದ ಬಹುತೇಕ ಜಾತಿಗಳಿಗೆ ನಿದ್ದೆ ಮುರಿಯುವುದು ಚಳಿ. ಕೇಳಲು ವಿಚಿತ್ರ, ಆದರೆ ಎಬ್ಬಿಸಲು ಬೇಕಾದ್ದು ಬಿಸಿ ಅಲ್ಲ. ಮೊದಲು ಸಾಕಷ್ಟು ದಿನ ಚಳಿ ಉಂಡಿರಬೇಕು, ಆಮೇಲೆ ಬಿಸಿ ಸಿಗಬೇಕು. 1940ರ ದಶಕದಲ್ಲಿ ಹಾರ್ವರ್ಡ್‌ನ ಕ್ಯಾರಲ್ ವಿಲಿಯಮ್ಸ್ ಇದನ್ನು ಸೆಕ್ರೋಪಿಯಾ ಕೋಶಗಳಲ್ಲಿ ತೋರಿಸಿದರು. ಚಳಿ ಉಂಡ ಕೋಶದ ಮಿದುಳನ್ನು ತೆಗೆದು ಚಳಿ ಕಾಣದ ಕೋಶಕ್ಕೆ ಕೂರಿಸಿದಾಗ ಅದು ಎದ್ದು ಬೆಳೆಯತೊಡಗಿತು. ಅಂದರೆ ಚಳಿ ತಾಗಬೇಕಾದ್ದು ಮಿದುಳಿಗೆ. ಚಳಿ ಸಾಕಷ್ಟಾದ ಮಿದುಳು ಬಿಸಿ ಸಿಕ್ಕ ಕೂಡಲೇ ಹಾರ್ಮೋನು ಬಿಡುತ್ತದೆ, ಉಳಿದ ಕೆಲಸ ಅದರ ಹಿಂದೆ ಶುರುವಾಗುತ್ತದೆ. ಕೆಲಸ ಶುರುವಾದ ಮೇಲೆ 25 ಡಿಗ್ರಿಯಲ್ಲಿ ಸೆಕ್ರೋಪಿಯಾ ಪತಂಗ ತಯಾರಾಗಲು ಮೂರು ವಾರ.

ಇಷ್ಟೆಲ್ಲ ಮಾಡಿದರೂ ಒಂದೆರಡು ಕೋಶ ಈ ವರ್ಷ ಬರದೆ ಮುಂದಿನ ವರ್ಷಕ್ಕೆ ಉಳಿಯಬಹುದು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಡದ ಜಾಣತನ ಅದು. ಒಂದು ವರ್ಷ ಮಳೆ ಕೈಕೊಟ್ಟರೂ ವಂಶ ಉಳಿಯಬೇಕಲ್ಲ. ಅಮೆರಿಕದ ನೆವಾಡದಲ್ಲಿ ಸಂಗ್ರಹಿಸಿದ ಯುಕ್ಕಾ ಗಿಡದ ಪತಂಗದ ಒಂದು ಜಾತಿ ಹುಳುವಿನ ಹಂತದಲ್ಲೇ 30 ವರ್ಷ ಮಲಗಿ ಆಮೇಲೆ ಪತಂಗವಾಗಿ ಹೊರಬಂದಿದೆ. ಎರಡು ತಿಂಗಳಿಗೇ ಗೂಡು ಕತ್ತರಿಸಿ ನೋಡುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಿ.

ಫ್ರಿಜ್‌ನಲ್ಲಿ ಚಳಿಗಾಲ

ಹೊರಗೆ ನಿಜವಾದ ಚಳಿಗಾಲ ಇರುವ ಕಡೆ ಗೂಡುಗಳನ್ನು ಇಲಿ, ಹಕ್ಕಿ ತಾಗದ ಜಾಲರಿ ಪಂಜರದಲ್ಲಿ, ಮಳೆ ಬಿಸಿಲು ಬೀಳದ ಜಾಗದಲ್ಲಿ ಹೊರಗೇ ಇಡುವುದು ಎಲ್ಲಕ್ಕಿಂತ ಸುಲಭ. ಹಾಗಿಲ್ಲದವರಿಗೆ ಫ್ರಿಜ್. ಬೆಚ್ಚಗಿನ ನಾಡಿನ ಜಾತಿಗಳಿಗೆ, ಉದಾಹರಣೆಗೆ ಅಟ್ಲಾಸ್‌ಗೆ, ಇದನ್ನು ಮಾಡಬೇಡಿ. ಅವಕ್ಕೆ ಇಂಥ ಚಳಿ ಗೊತ್ತೇ ಇಲ್ಲ, ಸಾಯುತ್ತವೆ. ಚಳಿ ನಾಡಿನವಕ್ಕೆ ಮಾತ್ರ.

ಗೂಡು ಕಟ್ಟಿ ಒಂದು ತಿಂಗಳಾದರೂ ಕೋಣೆಯ ಬಿಸಿಯಲ್ಲಿ ಬಿಡಿ. ಕೋಶ ಪೂರ್ತಿ ಗಟ್ಟಿಯಾಗಲಿ, ನೇರ ದಾರಿಯವು ಇದ್ದರೆ ಹೊರಗೆ ಬರಲಿ. ಆಮೇಲೆ ಸಣ್ಣ ತೂತುಗಳಿರುವ ಡಬ್ಬಿಯಲ್ಲಿ ಟಿಶ್ಯೂ ಹಾಸಿ ಗೂಡು ಇಟ್ಟು 4–5 ಡಿಗ್ರಿಯ ಭಾಗದಲ್ಲಿಡಿ. ಫ್ರೀಜರ್ ಅಲ್ಲ. ತರಕಾರಿ ಡಬ್ಬವೇ ಒಳ್ಳೆಯದು, ಅಲ್ಲಿ ತೇವ ಸ್ವಲ್ಪ ಇರುತ್ತದೆ. ಹತ್ತು ಹನ್ನೆರಡು ವಾರ ಸಾಕು. ಅವಸರ ಇಲ್ಲದಿದ್ದರೆ ಇನ್ನೂ ಇಡಬಹುದು, ಗಿಡ ಚಿಗುರುವ ಕಾಲಕ್ಕೆ ಸರಿಯಾಗಿ ತೆಗೆದರಾಯಿತು. ಇದೇ ಫ್ರಿಜ್‌ನ ನಿಜವಾದ ಉಪಯೋಗ. ಎಲೆ ಬರುವ ತಾರೀಕಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಹೊರಬರಲು ನಾಲ್ಕು ವಾರ, ಮೊಟ್ಟೆ ಒಡೆಯಲು ಒಂದೆರಡು ವಾರ. ಅಂದರೆ ಎಳೆ ಎಲೆ ಕೈಗೆ ಸಿಗುವ ದಿನಕ್ಕಿಂತ ಐದಾರು ವಾರ ಮೊದಲು ಡಬ್ಬಿ ಹೊರಗೆ.

ಫ್ರಿಜ್‌ನ ದೊಡ್ಡ ಶತ್ರು ಒಣ ಗಾಳಿ. ವಾರಕ್ಕೊಮ್ಮೆ ಟಿಶ್ಯೂಗೆ ನಾಲ್ಕು ಹನಿ ನೀರು ಚಿಮುಕಿಸಿ. ಬೂಸು ಕಂಡರೆ ನೀರು ಜಾಸ್ತಿಯಾಗಿದೆ, ಟಿಶ್ಯೂ ಬದಲಿಸಿ. ಡಬ್ಬಿಯ ಮೇಲೆ ದೊಡ್ಡದಾಗಿ "ತಿನ್ನುವುದಲ್ಲ" ಅಂತ ಬರೆಯುವುದೂ ಒಳ್ಳೆಯದೇ. ತಮಾಷೆ ಅಲ್ಲ, ಮನೆಯವರು ಶುಚಿ ಮಾಡುವ ಹುರುಪಿನಲ್ಲಿ ನನ್ನ ಒಂದು ಡಬ್ಬಿ ಕಸಕ್ಕೆ ಹೋಗಿದೆ.

ಬದುಕಿದೆಯಾ ಅಂತ ನೋಡಲು ಗೂಡು ಕತ್ತರಿಸಬೇಕಿಲ್ಲ. ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಜೀವಂತ ಕೋಶ ಭಾರವಾಗಿ ದಬ್ ಅನ್ನುತ್ತದೆ. ಸತ್ತು ಒಣಗಿದ್ದು ಹಗುರವಾಗಿ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಬರಿ ಕೋಶವಾದರೆ ಮುಟ್ಟಿದಾಗ ಹೊಟ್ಟೆ ಭಾಗ ತಿರುಚುವುದೂ ಉಂಟು. ಹೊರಗಿನಿಂದ ತಂದ ಹುಳುಗಳಲ್ಲಿ ಇನ್ನೊಂದು ಸಾಧ್ಯತೆ ಇದೆ. ಪರಾವಲಂಬಿ ನೊಣವೋ ಕಣಜವೋ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಪತಂಗ ಬರಬೇಕಾದ ಜಾಗದಿಂದ ಕಣಜ ಬರುತ್ತದೆ. ಬೇಸರ ಆಗುತ್ತದೆ, ಆದರೆ ಅದು ನಿಮ್ಮ ತಪ್ಪಲ್ಲ.

ಇವತ್ತೋ ನಾಳೆಯೋ

ಬರಿ ಕೋಶ ಇದ್ದರೆ ಗುರುತು ಸುಲಭ. ಮೊದಲು ಕಣ್ಣಿನ ಜಾಗ ಕಪ್ಪಾಗುತ್ತದೆ. ಆಮೇಲೆ ರೆಕ್ಕೆಯ ಚಿತ್ತಾರ ಸಿಪ್ಪೆಯ ಮೂಲಕ ಮಸುಕಾಗಿ ಕಾಣುತ್ತದೆ. ಕೊನೆಗೆ ಇಡೀ ಕೋಶ ಕಪ್ಪಿಟ್ಟು, ಹೊಟ್ಟೆಯ ಉಂಗುರಗಳು ಸಡಿಲಾಗಿ, ಮುಟ್ಟಿದರೆ ಮೆತ್ತಗೆ ಅನಿಸುತ್ತದೆ. ಇದಾದ ಮೇಲೆ ಒಂದೆರಡು ದಿನ ಅಷ್ಟೇ.

ಗೂಡಿನೊಳಗೆ ಇದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿ ಬೇಕು. ಒಳಗಿಂದ ಕೆರೆಯುವ ಸದ್ದು ಬರುತ್ತದೆ. ಕೆಲವು ಜಾತಿಗಳಲ್ಲಿ ಗೂಡಿನ ಒಂದು ತುದಿ ಒದ್ದೆಯಾಗುತ್ತದೆ. ರೇಷ್ಮೆ ಪತಂಗ ಮತ್ತು ಪಾಲಿಫೀಮಸ್ ಬಾಯಿಂದ ಒಂದು ದ್ರವ ಬಿಟ್ಟು ನೂಲಿನ ಅಂಟು ಕರಗಿಸುತ್ತವೆ. ಲೂನಾ ಹಾಗಲ್ಲ, ರೆಕ್ಕೆಯ ಬುಡದಲ್ಲಿರುವ ಗರಗಸದಂಥ ಮುಳ್ಳಿನಿಂದ ಗೂಡು ಕೊಯ್ಯುತ್ತದೆ. ಅಟ್ಲಾಸ್ ಮತ್ತು ಸೆಕ್ರೋಪಿಯಾ ಹುಳುಗಳು ಇನ್ನೂ ಜಾಣ. ಕಟ್ಟುವಾಗಲೇ ಒಂದು ತುದಿಯಲ್ಲಿ ಒಳಗಿಂದ ಮಾತ್ರ ತೆರೆಯುವ ಬಾಗಿಲು ಬಿಟ್ಟಿರುತ್ತವೆ.

ಗುರುತು ಕಾಣುವ ತನಕ ಕಾಯದೆ, ಫ್ರಿಜ್‌ನಿಂದ ತೆಗೆದ ದಿನವೇ ಗೂಡುಗಳನ್ನು ಹೊರಬರುವ ಪಂಜರಕ್ಕೆ ಹಾಕಿಬಿಡಿ. ಈ ಪಂಜರಕ್ಕೆ ಎರಡೇ ನಿಯಮ. ಗೋಡೆ ಒರಟಾಗಿರಬೇಕು: ಬಲೆ, ಗೋಣಿ, ಒರಟು ಬಟ್ಟೆ ಯಾವುದಾದರೂ ಸರಿ. ಹತ್ತಿ ಜೋತುಬಿದ್ದಾಗ ಕೆಳಗೆ ರೆಕ್ಕೆಯ ಉದ್ದದ ಎರಡರಷ್ಟಾದರೂ ಖಾಲಿ ಜಾಗ ಇರಬೇಕು. ಅಟ್ಲಾಸ್‌ನ ರೆಕ್ಕೆ ತುದಿಯಿಂದ ತುದಿಗೆ 25 ಸೆಂಟಿಮೀಟರ್ ತಲುಪಬಹುದು, ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳಿ. ದಿನಕ್ಕೊಮ್ಮೆ ಗೂಡಿಗೆ ಮಂಜಿನಂತೆ ನೀರು ಸಿಂಪಡಿಸಿ. ಗಾಳಿ ಒಣಗಿದ್ದರೆ ಪತಂಗ ಸಿಪ್ಪೆಗೆ ಅಂಟಿಕೊಂಡು ಸಿಕ್ಕಿಬೀಳುತ್ತದೆ.

ದಿನದ ಯಾವ ಹೊತ್ತಿಗೆ ಅನ್ನುವುದು ಜಾತಿ ಜಾತಿಗೆ ಬೇರೆ, ಮತ್ತು ಅದು ಬೆಳಕು ಕತ್ತಲಿನ ಲೆಕ್ಕಕ್ಕೆ ಕಟ್ಟಿಕೊಂಡಿದೆ. ಸೆಕ್ರೋಪಿಯಾ ಬೆಳಕಾದ ಮೇಲೆ ಬೆಳಗಿನ ಹೊತ್ತಿಗೆ ಬರುತ್ತದೆ. ಓಕ್ ರೇಷ್ಮೆ ಪತಂಗ ದಿನ ಮುಗಿಯುತ್ತಾ ಬಂದಾಗ. 1970ರಲ್ಲಿ ಟ್ರೂಮನ್ ಮತ್ತು ರಿಡಿಫೋರ್ಡ್ ಅನ್ನುವ ವಿಜ್ಞಾನಿಗಳು ಈ ಎರಡು ಜಾತಿಯ ಕೋಶಗಳ ಮಿದುಳನ್ನು ಅದಲು ಬದಲು ಮಾಡಿದರು. ಮೈ ಸೆಕ್ರೋಪಿಯಾದ್ದು, ಮಿದುಳು ಓಕ್ ರೇಷ್ಮೆಯದ್ದು. ಪತಂಗ ಬಂದದ್ದು ಮಿದುಳಿನ ಹೊತ್ತಿಗೆ! ಕೋಣೆಯಲ್ಲಿ ಹಗಲು ರಾತ್ರಿ ದೀಪ ಉರಿಯುತ್ತಿದ್ದರೆ ಈ ಗಡಿಯಾರ ಕೆಡುತ್ತದೆ. ಹೊರಬರುವುದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಇದ್ದರೆ ಮೊದಲು ಕೋಣೆಗೆ ಸರಿಯಾದ ರಾತ್ರಿ ಕೊಡಿ. ಮೊದಲ ಪತಂಗ ಬಂದ ಹೊತ್ತನ್ನು ಬರೆದುಕೊಳ್ಳಿ. ಅದೇ ಜಾತಿಯ ಉಳಿದವೂ ಸುಮಾರು ಅದೇ ಹೊತ್ತಿಗೆ ಬರುತ್ತವೆ.

ಹೊರಬಂದ ಪತಂಗ ಮೊದಲಿಗೆ ಪತಂಗದಂತೆ ಕಾಣುವುದಿಲ್ಲ. ಉಬ್ಬಿದ ಹೊಟ್ಟೆ, ಉಗುರಿನಷ್ಟು ರೆಕ್ಕೆ. ಓಡಿ ಹತ್ತಿ ಜೋತುಬಿದ್ದು ಮೈಯ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತುತ್ತದೆ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ರೆಕ್ಕೆ ಪೂರ್ತಿ ಬಿಚ್ಚುತ್ತದೆ, ಗಟ್ಟಿಯಾಗಲು ಇನ್ನೂ ಎರಡು ಮೂರು ಗಂಟೆ. ಅಷ್ಟು ಹೊತ್ತು ಪಂಜರ ಅಲುಗಿಸಬೇಡಿ, ಫೋಟೋಗೆ ಅಂತ ಕೈ ಮೇಲೆ ಕೂರಿಸಿಕೊಳ್ಳಬೇಡಿ. ಕೆಳಗೆ ಬಿದ್ದರೆ ಮಾತ್ರ ಸುಮ್ನೆ ನೋಡುತ್ತಾ ಕೂರಬಾರದು. ತಕ್ಷಣ ಒಂದು ಕಡ್ಡಿ ಮುಂದೆ ಹಿಡಿಯಿರಿ, ಹತ್ತಿದ ಮೇಲೆ ಕಡ್ಡಿಯನ್ನು ನೇರ ನಿಲ್ಲಿಸಿ. ರೆಕ್ಕೆ ಒಮ್ಮೆ ಒಣಗಿದರೆ ಮತ್ತೆ ಬಿಚ್ಚುವುದಿಲ್ಲ. ಸ್ವಲ್ಪ ಹೊತ್ತಿಗೆ ಕಂದೋ ಕೆಂಪೋ ದ್ರವ ಸುರಿಸುತ್ತದೆ. ರಕ್ತ ಅಂತ ಗಾಬರಿ ಬೇಡ, ಕೋಶದಲ್ಲಿದ್ದಾಗ ಕೂಡಿಟ್ಟ ಕಸ ಅದು. ಗೋಡೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಕೆಳಗೆ ಹಳೆ ಪೇಪರ್ ಹಾಸಿರಿ.

ಗಂಡು ಹೆಣ್ಣು ಒಂದೇ ವಾರಕ್ಕೆ

ಮೊಟ್ಟೆ ಬೇಕು ಅನ್ನುವವರ ತಲೆನೋವು ಇದು. ಗಂಡುಗಳು ಸಾಮಾನ್ಯವಾಗಿ ಕೆಲವು ದಿನ ಮೊದಲು ಬರುತ್ತವೆ. ಕಾಡು ರೇಷ್ಮೆ ಬಳಗಕ್ಕೆ ತಿನ್ನುವ ಬಾಯೇ ಇಲ್ಲ, ಹುಳುವಾಗಿದ್ದಾಗ ಉಂಡದ್ದರಲ್ಲೇ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಹೆಣ್ಣು ಬರುವಷ್ಟರಲ್ಲಿ ಗಂಡು ಹರಿದ ರೆಕ್ಕೆಯಲ್ಲಿ ಪಂಜರದ ತಳಕ್ಕೆ ಬಿದ್ದಿರುತ್ತದೆ.

ಒಂದೇ ದಿನ ಎಲ್ಲ ಕೋಶ ಬಿಸಿಗೆ ತರಬೇಡಿ. ಎರಡು ಪಾಲು ಮಾಡಿ, ಎರಡನೆಯದನ್ನು ಐದಾರು ದಿನ ತಡವಾಗಿ ತೆಗೆಯಿರಿ. ಗಂಡು ಹೆಣ್ಣು ಗೊತ್ತಿದ್ದರೆ ಹೆಣ್ಣುಗಳನ್ನು ಮೊದಲು ತೆಗೆಯಿರಿ. ಕೋಶದಲ್ಲೇ ಗುರುತಿಸಬಹುದು. ಕಾಡು ರೇಷ್ಮೆ ಬಳಗದಲ್ಲಿ ಮೀಸೆಯ ಅಚ್ಚು ಅಗಲವಾಗಿದ್ದರೆ ಗಂಡು, ಕಿರಿದಾಗಿದ್ದರೆ ಹೆಣ್ಣು. ಹಾಕ್‌ಮಾತ್ ಕೋಶದ ತುದಿಯನ್ನು ಭೂತಕನ್ನಡಿಯಲ್ಲಿ ನೋಡಿ. ಎರಡು ಪುಟ್ಟ ಉಬ್ಬುಗಳ ನಡುವೆ ಗೀರು ಇದ್ದರೆ ಗಂಡು, ತಲೆಯ ಕಡೆಗೆ ಒಂದು ಉಂಗುರ ಮುಂದೆ ಉಬ್ಬಿಲ್ಲದ ಗೀರು ಇದ್ದರೆ ಹೆಣ್ಣು. ಒಳಗೆ ಬಣ್ಣ ಕಾಣಿಸಿದ ಕೋಶವನ್ನು ಮತ್ತೆ ಫ್ರಿಜ್‌ಗೆ ತುರುಕಬೇಡಿ. ತಡ ಮಾಡಲೇಬೇಕೆಂದರೆ 12–15 ಡಿಗ್ರಿಯ ತಂಪು ಜಾಗ ಸಾಕು.

ಜೋಡಿ ಕೂಡಿಸಲು ನೀವು ಮಾಡಬೇಕಾದ್ದು ಬಹಳ ಇಲ್ಲ. ಹೆಣ್ಣು ಹೊಟ್ಟೆಯ ತುದಿ ಹೊರಚಾಚಿ ವಾಸನೆ ಬಿಡುತ್ತದೆ, ಗಂಡು ತನ್ನ ಗರಿಯಂಥ ಮೀಸೆಯಲ್ಲಿ ಅದನ್ನು ಹಿಡಿಯುತ್ತದೆ. ಪಂಜರವನ್ನು ತೆರೆದ ಕಿಟಕಿಯ ಹತ್ತಿರ, ದೀಪ ಆರಿಸಿ, ರಾತ್ರಿಯಿಡೀ ಬಿಡಿ. ಗಾಳಿ ಸ್ವಲ್ಪ ಆಡಬೇಕು. ಹಾಕ್‌ಮಾತ್‌ಗಳಿಗೆ ಮಾತ್ರ ಊಟ ಬೇಕು. ತೆಳುವಾದ ಸಕ್ಕರೆ ಅಥವಾ ಜೇನು ನೀರು ಇಟ್ಟು, ತಾನಾಗಿ ಕುಡಿಯದಿದ್ದರೆ ಸುರುಳಿ ಸುತ್ತಿದ ನಾಲಿಗೆಯನ್ನು ಗುಂಡುಸೂಜಿಯಿಂದ ಮೆಲ್ಲಗೆ ಬಿಚ್ಚಿ ನೀರಿಗೆ ತಾಗಿಸಿ. ಒಂದೆರಡು ದಿನದಲ್ಲಿ ನಿಮ್ಮ ಕೈ ಪಳಗುತ್ತದೆ.

ಕೂಡಿದ ಹೆಣ್ಣನ್ನು ದೊಡ್ಡ ಕಾಗದದ ಚೀಲದಲ್ಲಿಟ್ಟು ಬಾಯಿ ಮಡಚಿ. ಮೊಟ್ಟೆಗಳನ್ನು ಚೀಲದ ಗೋಡೆಗೇ ಅಂಟಿಸುತ್ತದೆ, ಆ ತುಂಡುಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿದರಾಯಿತು. ರೇಷ್ಮೆ ಪತಂಗ ಒಂದೇ 300–500 ಮೊಟ್ಟೆ ಇಡುತ್ತದೆ. ಅಷ್ಟೂ ಹುಳುಗಳಿಗೆ ಎಲೆ ತರಲು ನಿಮ್ಮಿಂದ ಆಗುವುದಿಲ್ಲ, ನನ್ನಿಂದಲೂ ಆಗಿಲ್ಲ. ಮೂವತ್ತು ಇಟ್ಟುಕೊಂಡು ಉಳಿದದ್ದನ್ನು ಸಾಕುವ ಬೇರೆಯವರಿಗೆ ಕೊಡಿ, ಇಲ್ಲವೇ ಫ್ರೀಜರ್‌ಗೆ ಹಾಕಿ ಮುಗಿಸಿ.

ಕಿಟಕಿಯಿಂದ ಹೊರಗೆ ಬಿಡಬಹುದಾದದ್ದು ನಿಮ್ಮ ಸುತ್ತಲಿನದೇ ಜಾತಿಯನ್ನು ಮಾತ್ರ, ಅದೂ ಕಾಯಿಲೆ ಇಲ್ಲದ್ದನ್ನು. 1860ರ ದಶಕದ ಕೊನೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಡ್‌ಫೋರ್ಡ್‌ನಲ್ಲಿ ಎಟಿಯೆನ್ ಟ್ರುವಲೋ ಎಂಬಾತ ಯುರೋಪಿನಿಂದ ತರಿಸಿದ ಒಂದು ಪತಂಗವನ್ನು ಮನೆಯಲ್ಲಿ ಸಾಕುತ್ತಿದ್ದ. ಕೆಲವು ತಪ್ಪಿಸಿಕೊಂಡವು. ಇವತ್ತಿಗೂ ಅದೇ ಜಾತಿ ಅಲ್ಲಿನ ಕಾಡುಗಳ ಎಲೆಯನ್ನು ಬೋಳಿಸುತ್ತಿದೆ. ಹೊರನಾಡಿನ ಜಾತಿಯನ್ನು ತರುವ ಮುಂಚೆ ನಿಮ್ಮಲ್ಲಿ ಅದಕ್ಕೆ ಅನುಮತಿ ಬೇಕಾ ಅಂತ ಕೇಳಿಕೊಳ್ಳಿ. ಅಂಥವನ್ನು ಸಾಕುವ ಕೋಣೆಯ ಕಿಟಕಿಗೆ ಬಲೆ ಹಾಕಿ. ಜೋಡಿ ಕೂಡಿಸಲು ಕಿಟಕಿ ತೆರೆಯುವ ರಾತ್ರಿ ಆ ಬಲೆಯನ್ನೂ ಪಂಜರದ ಜಿಪ್ಪನ್ನೂ ಎರಡೆರಡು ಸಲ ನೋಡಿ.